ಮುರಿದ ಬೋಲ್ಟಿನ ಮುಂದೆ ಅರ್ಧ ಗಂಟೆ

ಬೋಲ್ಟ್ ಕಟ್ ಆದದ್ದು ಸಣ್ಣ ನಷ್ಟ. ಕಟ್ ಆದ ಮೇಲೆ ಕೈಗೆ ಬರುವ ಹಟದಿಂದ ಆಗುವುದು ದೊಡ್ಡ ನಷ್ಟ. ಆಯುಧಪೂಜೆಗೆಂದು ಅಂಗಳದಲ್ಲೇ ಗಾಡಿ ಬಿಚ್ಚಿ ಕೂರುವವರು ಸ್ಪ್ಯಾನರ್ ಹಿಡಿಯುವ ಮೊದಲೇ ಹಾಕಿಕೊಳ್ಳಬೇಕಾದ ಲೆಕ್ಕವೊಂದು ಇಲ್ಲಿದೆ.

ಮಳೆ ಬಿಟ್ಟು ವಾರವಾಗಿದೆ. ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಮಂಡಿಯೂರಿ ಕೂತವರ ಎದುರು ಹತ್ತು ವರ್ಷ ಹಳೆಯ ಬೈಕು. ಪಕ್ಕದಲ್ಲಿ ಶಾಂಪೂ ನೀರಿನ ಬಕೆಟ್ಟು, ಹಲ್ಲುಜ್ಜುವ ಹಳೆಯ ಬ್ರಷ್ಷು, ಸ್ಟೀಲಿನ ತಟ್ಟೆಯಲ್ಲಿ ಬಿಚ್ಚಿಟ್ಟ ನಟ್ಟು, ವಾಷರುಗಳು. ಹಬ್ಬಕ್ಕೆ ಮೊದಲು ಸೈಲೆನ್ಸರ್ ಇಳಿಸಿ, ತುಕ್ಕು ಉಜ್ಜಿ, ಕಪ್ಪು ಬಣ್ಣ ಬಳಿಯಬೇಕೆಂಬ ಆಸೆ. ಸೈಲೆನ್ಸರಿನ ಬೆಂಡ್ ಪೈಪು ಇಂಜಿನ್ ಹೆಡ್ಡಿಗೆ ಸೇರುವಲ್ಲಿ ಎರಡು ಸ್ಟಡ್ಡು, ಅಂದರೆ ತಲೆಯಿಲ್ಲದ ಬೋಲ್ಟು, ಅವಕ್ಕೆ ಎರಡು ನಟ್ಟು. ಒಂದು ಸಲೀಸಾಗಿ ಬಂತು. ಇನ್ನೊಂದಕ್ಕೆ ರಿಂಗ್ ಸ್ಪ್ಯಾನರ್ ಹಾಕಿ ಎಳೆದರೆ ಕದಲಲಿಲ್ಲ. ಸ್ಪ್ಯಾನರಿನ ಹಿಡಿಗೆ ಪೈಪು ತೊಡಿಸಿ ಎಳೆದಾಗ ನಟ್ಟು ಮೆಲ್ಲಗೆ ತಿರುಗಿತು, ಬೆಣ್ಣೆಯೊಳಗೆ ತಿರುಗಿದಷ್ಟು ಮೆತ್ತಗೆ. ಸದ್ಯ ಬಂತಲ್ಲ ಎನ್ನುವಷ್ಟರಲ್ಲಿ ಟಕ್ಕೆಂಬ ಸದ್ದು. ನಟ್ಟು ಕೈಗೇ ಬಂತು, ಅದರೊಳಗೆ ಅರ್ಧ ಸ್ಟಡ್ಡು. ಉಳಿದರ್ಧ ಹೆಡ್ಡಿನೊಳಗೆ.

ಇಲ್ಲಿಂದ ಮುಂದಿನ ಅರ್ಧ ಗಂಟೆ ಬಹಳ ಮುಖ್ಯ. ಆ ಅರ್ಧ ಗಂಟೆಯಲ್ಲಿ ಏನು ಮಾಡುತ್ತೇವೆ ಎಂಬುದರ ಮೇಲೆ ಈ ಕೆಲಸ ಒಂದು ಹೊಸ ಸ್ಟಡ್ಡಿನಲ್ಲಿ ಮುಗಿಯುತ್ತದೋ, ಇಂಜಿನ್ ಹೆಡ್ಡನ್ನೇ ಬದಲಾಯಿಸುವವರೆಗೆ ಹೋಗುತ್ತದೋ ತೀರ್ಮಾನವಾಗುತ್ತದೆ. ಮುರಿದ ಬೋಲ್ಟನ್ನು ತೆಗೆಯುವುದು ತೋಳ್ಬಲದ ಕೆಲಸ ಎಂದೇ ಹೆಚ್ಚಿನವರು ನಂಬಿದ್ದಾರೆ. ಆ ನಂಬಿಕೆ ತಪ್ಪು. ಬಲ ಹಾಕಿದ್ದಕ್ಕೇ ಅದು ಮುರಿದದ್ದು. ಅದೇ ಬಲವನ್ನು ಇನ್ನೂ ತೆಳ್ಳಗಿನ ಉಪಕರಣದ ಮೂಲಕ ಮತ್ತೆ ಹಾಕಿದರೆ ಅದೂ ಮುರಿಯುತ್ತದೆ. ಮೊದಲು ಬಿಡಿಸಬೇಕಾದದ್ದು ಬೋಲ್ಟನ್ನು ಹಿಡಿದುಕೊಂಡಿರುವ ಅಂಟನ್ನು.

ಬೋಲ್ಟನ್ನು ನಾವು ಗಟ್ಟಿ ಕಬ್ಬಿಣದ ಮೊಳೆಯಂತೆ ಭಾವಿಸುತ್ತೇವೆ. ಅದು ಕೆಲಸ ಮಾಡುವುದು ಮಾತ್ರ ಸ್ಪ್ರಿಂಗಿನಂತೆ. ಬಿಗಿ ಮಾಡಿದಾಗ ಅದು ಕೂದಲೆಳೆಗಿಂತ ಕಡಿಮೆ ಅಂತರದಷ್ಟು ಹಿಗ್ಗುತ್ತದೆ, ಮತ್ತೆ ಕುಗ್ಗಲು ಎಳೆಯುವ ಆ ಎಳೆತವೇ ಎರಡು ಭಾಗಗಳನ್ನು ಅಪ್ಪಿ ಹಿಡಿಯುತ್ತದೆ. ಆರು ಮಿಲಿಮೀಟರ್ ದಪ್ಪದ ಎಂ6 ಬೋಲ್ಟನ್ನು ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿ ಬಿಗಿ ಮಾಡುತ್ತಾರೆ. ಒಂದು ಗೇಣಿನಷ್ಟು ಉದ್ದದ ಸ್ಪ್ಯಾನರಿನಲ್ಲಿ ನಾಲ್ಕೈದು ಕಿಲೋ ಭಾರದಷ್ಟು ಎಳೆದರೆ ಸಾಕು. ಅಷ್ಟಕ್ಕೇ ಒಳಗೆ ಹುಟ್ಟುವ ಹಿಡಿತ ಸುಮಾರು 800 ಕಿಲೋ. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ನಾವು ಹಾಕಿದ ಬಲದ ಹತ್ತನೇ ಒಂದು ಪಾಲು ಮಾತ್ರ ಈ ಹಿಡಿತವಾಗುತ್ತದೆ. ಸುಮಾರು ಅರ್ಧದಷ್ಟು ತಲೆಯಡಿಯ ಉಜ್ಜಾಟಕ್ಕೆ, ಉಳಿದದ್ದರಲ್ಲಿ ಬಹುಪಾಲು ಥ್ರೆಡ್ಡುಗಳ ಉಜ್ಜಾಟಕ್ಕೆ ಹೋಗಿಬಿಡುತ್ತದೆ. ಹೊಸ ಬೋಲ್ಟಿನ ಸ್ಥಿತಿಯೇ ಹೀಗಿರುವಾಗ, ಹತ್ತು ಮಳೆಗಾಲ ಕಂಡ ಬೋಲ್ಟಿನಲ್ಲಿ ಉಜ್ಜಾಟದ ಪಾಲು ಎಷ್ಟಾಗಿರಬೇಡ! ಅರವತ್ತು ಸೆಂಟಿಮೀಟರಿನ ಪೈಪು ತೊಡಿಸಿ ಇಪ್ಪತ್ತು ಕಿಲೋ ಭಾರದಷ್ಟು ಎಳೆದರೆ ಸುಮಾರು 120 ನ್ಯೂಟನ್ ಮೀಟರ್. ಎಂ6 ಬೋಲ್ಟು ಅದರ ಕಾಲು ಭಾಗವನ್ನೂ ತಾಳದು. ಕೈಗೆ ಸಮಾಧಾನ ಕೊಟ್ಟ ಆ ಮೆತ್ತನೆಯ ತಿರುವಿನಲ್ಲಿ ಥ್ರೆಡ್ಡು ಕದಲಿರಲೇ ಇಲ್ಲ, ಸ್ಟಡ್ಡು ಕಬ್ಬಿನ ಸಿಪ್ಪೆಯಂತೆ ತಿರುಚಿಕೊಳ್ಳುತ್ತಿತ್ತು. ಬಿಗಿಯಾಗಿದ್ದ ನಟ್ಟು ಸದ್ದಿಲ್ಲದೆ ಮೆತ್ತಗಾದರೆ ಅಲ್ಲೇ ಕೈ ತಡೆಯಬೇಕು. ನಿಜವಾಗಿ ಬಿಟ್ಟುಕೊಟ್ಟ ನಟ್ಟು ಕಿರ್ರೆಂದು ಕೂಗಿ, ಒಂದು ಜಗ್ಗು ಜಗ್ಗಿ, ಆಮೇಲೆ ಹಗುರಾಗುತ್ತದೆ.

ಹಾಗಾದರೆ ಅದನ್ನು ಅಷ್ಟು ಬಿಗಿಯಾಗಿ ಹಿಡಿದಿಟ್ಟಿರುವುದು ಏನು? ಕಬ್ಬಿಣ ತುಕ್ಕಾದಾಗ ಮೊದಲಿದ್ದುದರ ಎರಡು ಪಟ್ಟು, ನೀರಿನಂಶ ಸೇರಿದರೆ ಅದಕ್ಕೂ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗವಿಲ್ಲ. ಹೀಗಾಗಿ ತುಕ್ಕು ಸಂದಿಯನ್ನು ತುಂಬಿ, ಬೆಣೆ ಹೊಡೆದಂತೆ ಎರಡೂ ಬದಿಯನ್ನು ಒತ್ತಿ ಕೂರುತ್ತದೆ. ಬೈಕಿನ ಹೆಡ್ಡು ಅಲ್ಯೂಮಿನಿಯಮ್ಮಿನದು, ಸ್ಟಡ್ಡು ಉಕ್ಕಿನದು. ಎರಡು ಬೇರೆ ಲೋಹಗಳ ನಡುವೆ ಉಪ್ಪಿನ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗಿ ಅಲ್ಯೂಮಿನಿಯಮ್ಮನ್ನು ತಿನ್ನತೊಡಗುತ್ತದೆ. ಸ್ಟಡ್ಡಿನ ಬುಡದಲ್ಲಿ ಕಾಣುವ ಬಿಳಿ ಪುಡಿ ಅದರ ಗುರುತು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಲ್ಲಿ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಡೆಯ ಗಾಡಿಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಸೈಲೆನ್ಸರ್ ಸ್ಟಡ್ಡಿಗಂತೂ ದಿನಕ್ಕೆ ಹಲವು ಸಲ ಕಾದು ತಣಿಯುವ ಪಾಡು ಬೇರೆ.

ತಲೆಯ ಮೇಲಿನ ಅಂಕೆ
ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದು ಅಳತೆಯಲ್ಲ, ತಾಳಿಕೆ. ಮೊದಲ ಅಂಕೆಯನ್ನು ನೂರರಿಂದ ಗುಣಿಸಿದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದಲ್ಲಿ ತುಂಡಾಗುತ್ತದೆ ಎಂದರ್ಥ. ಎರಡನೆಯ ಅಂಕೆ ಅದರ ಶೇ 80ರಷ್ಟಕ್ಕೆ, ಅಂದರೆ 640 ನ್ಯೂಟನ್ನಿಗೆ, ಮರಳಿ ಕುಗ್ಗಲಾರದಷ್ಟು ಹಿಗ್ಗಿಬಿಡುತ್ತದೆ ಎಂದು ಹೇಳುತ್ತದೆ. 10.9 ಇದ್ದ ಜಾಗಕ್ಕೆ ಅಂಕೆಯೇ ಇಲ್ಲದ ಬೋಲ್ಟು ಹಾಕಬಾರದು.

ಸ್ಟಡ್ಡು ಮುರಿದ ಕೂಡಲೇ ಹಲವರು ಕೊಳ್ಳಲು ಓಡುವುದು ಎಕ್ಸ್‌ಟ್ರಾಕ್ಟರಿಗೆ, ಗ್ಯಾರೇಜಿನ ಮಾತಿನಲ್ಲಿ ‘ಈಜಿ ಔಟ್’. ಮುರಿದ ತುಂಡಿನ ನಡುವೆ ತೂತು ಕೊರೆದು, ಎಡಕ್ಕೆ ತಿರುಗುವ ಸುರುಳಿಯ ಈ ಮೊನಚು ಕಡ್ಡಿಯನ್ನು ಇಳಿಸಿ, ತಿರುಗಿಸಿ ಹೊರತೆಗೆಯುವುದು ಉಪಾಯ. ಕೇಳಲು ಸರಳ. ಲೆಕ್ಕ ಮಾತ್ರ ಬೇರೆಯೇ ಇದೆ. ತಿರುಚುವ ಬಲವನ್ನು ಕಡ್ಡಿಯೊಂದು ಎಷ್ಟು ತಾಳುತ್ತದೆ ಎಂಬುದು ಅದರ ದಪ್ಪದ ಘನವನ್ನು ಅವಲಂಬಿಸಿದೆ. ದಪ್ಪ ಅರ್ಧವಾದರೆ ತಾಳಿಕೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆರು ಮಿಲಿಮೀಟರಿನ ಸ್ಟಡ್ಡನ್ನೇ ಮುರಿದ ಜಾಮನ್ನು ಅದರ ಹೊಟ್ಟೆಯೊಳಗೆ ಕೂತ ಮೂರು ಮಿಲಿಮೀಟರಿನ ಕಡ್ಡಿ ಹೇಗೆ ಬಿಡಿಸೀತು? ಎಕ್ಸ್‌ಟ್ರಾಕ್ಟರಿನ ಉಕ್ಕು ಹೆಚ್ಚು ಗಟ್ಟಿ ಎನ್ನುವುದು ನಿಜ, ಆದರೆ ಗಟ್ಟಿಯಾದಷ್ಟೂ ಅದು ಗಾಜಿನಂತೆ ಸಿಡಿಯುತ್ತದೆ. ಅಲ್ಲದೆ ಬೆಣೆಯಾಕಾರದ ಕಡ್ಡಿ ಒಳಗಿಳಿದಷ್ಟೂ ತೂತಿನ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಮೊದಲೇ ಬಿಗಿದ ಥ್ರೆಡ್ಡು ಇನ್ನಷ್ಟು ಬಿಗಿಯುತ್ತದೆ. ಕೊನೆಗೆ ಅದೂ ಟಕ್ಕೆನ್ನುತ್ತದೆ. ಈಗ ಹೆಡ್ಡಿನೊಳಗೆ ಇರುವುದು ಡ್ರಿಲ್ ಬಿಟ್ಟಿಗೂ ಜಗ್ಗದ ತುಂಡು. ಬರೀ ಸ್ಟಡ್ಡು ಮುರಿದಾಗ ಇದ್ದ ದಾರಿಗಳಲ್ಲಿ ಹೆಚ್ಚಿನವು ಆ ಒಂದು ಸದ್ದಿಗೆ ಮುಚ್ಚಿಹೋಗುತ್ತವೆ.

ಎಕ್ಸ್‌ಟ್ರಾಕ್ಟರಿನಿಂದಲೇ ಎಷ್ಟೋ ಬೋಲ್ಟುಗಳು ಬಂದಿವೆಯಲ್ಲ ಎಂದು ಅನುಭವಸ್ಥರು ಕೇಳಬಹುದು. ಬಂದಿವೆ, ಅದಕ್ಕೂ ಕಾರಣವಿದೆ. ಎಲ್ಲ ಬೋಲ್ಟುಗಳೂ ಜಾಮ್ ಆಗಿಯೇ ಮುರಿಯುವುದಿಲ್ಲ. ಕೆಲವು ಬಿಗಿ ಮಾಡುವಾಗ ಬಲ ಅತಿಯಾಗಿ ಕಟ್ ಆಗುತ್ತವೆ, ಕೆಲವು ಅದುರಿ ಅದುರಿ ದಣಿದು ತುಂಡಾಗುತ್ತವೆ. ಇಂಥವುಗಳ ತಲೆ ಹೋದ ಕ್ಷಣದಲ್ಲೇ ಎಳೆತವೂ ಹೋಗಿರುತ್ತದೆ, ಒಳಗಿನ ತುಂಡು ಸಡಿಲವಾಗಿ ಕೂತಿರುತ್ತದೆ. ಚೂಪಾದ ಪಂಚಿನಿಂದ ಅಂಚನ್ನು ಮೆಲ್ಲಗೆ ತಟ್ಟಿದರೂ ತಿರುಗಿ ಬಂದೀತು. ಎಕ್ಸ್‌ಟ್ರಾಕ್ಟರ್ ಗೆಲ್ಲುವುದು ಇಲ್ಲಿ, ಬಿಚ್ಚುವಾಗ ಮುರಿದ ತುಕ್ಕು ಸ್ಟಡ್ಡಿನಲ್ಲಿ ಅದು ಸೋಲುವುದೇ ಹೆಚ್ಚು. ಆದ್ದರಿಂದ ಉಪಕರಣ ಆರಿಸುವ ಮೊದಲು ಬೋಲ್ಟು ಯಾಕೆ ಮುರಿಯಿತು ಎಂಬ ಪ್ರಶ್ನೆಗೆ ಉತ್ತರ ಬೇಕು.

ಉತ್ತರ ಮುರಿದ ಮುಖದಲ್ಲೇ ಬರೆದಿರುತ್ತದೆ. ಕೈಗೆ ಬಂದ ತುಂಡನ್ನು ಎಸೆಯದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನೋಡಬೇಕು. ಮುಖವೆಲ್ಲ ಹೊಸ ಬೆಳ್ಳಿಯಂತೆ ಹೊಳೆಯುತ್ತಿದ್ದು, ನಡುವಿನಿಂದ ಸುಳಿ ಸುತ್ತಿದಂತಿದ್ದರೆ ಅದು ಈಗಷ್ಟೇ ತಿರುಚಿ ಮುರಿದದ್ದು. ಬಿಚ್ಚುವಾಗ ಹೀಗಾಗಿದ್ದರೆ ಒಳಗಿನ ಥ್ರೆಡ್ಡು ಕಲ್ಲಿನಂತೆ ಹಿಡಿದಿದೆ ಎಂದೇ ಅರ್ಥ. ಒಂದು ಬದಿಯಿಂದ ಹೊರಟ ಬಾಗುಗೆರೆಗಳು ಒಂದರ ಹಿಂದೊಂದು, ಅಲೆ ಹಿಂದೆ ಸರಿದ ಮೇಲೆ ಮರಳಲ್ಲಿ ಉಳಿದ ಗೆರೆಗಳಂತೆ ಕಂಡರೆ ಅದು ದಣಿವಿನ ಮುರಿತ. ಬಿರುಕು ತಿಂಗಳುಗಳಿಂದ ಬೆಳೆದು ಬಂದಿದೆ. ಬಹುಶಃ ಬೋಲ್ಟು ಮೊದಲಿನಿಂದಲೂ ಸಡಿಲವಿತ್ತು. ಮುಖದ ಒಂದು ಭಾಗ ಕಪ್ಪಾಗಿ ಅಥವಾ ಕೆಂಪಾಗಿ ತುಕ್ಕು ಹಿಡಿದಿದ್ದು ಉಳಿದದ್ದು ಮಾತ್ರ ಹೊಳೆದರೆ, ಆ ತುಕ್ಕಿನ ಭಾಗ ಎಂದೋ ಬಿರುಕು ಬಿಟ್ಟಿತ್ತು. ಜರ್ಮನಿಯ ಆಗಸ್ಟ್ ವೋಲರ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲಿನ ಅಚ್ಚುಗಳು ಯಾಕೆ ಮುರಿಯುತ್ತವೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದರು. ಒಂದೇ ಏಟಿಗೆ ಮುರಿಯದ ಲೋಹ, ಅದಕ್ಕಿಂತ ಎಷ್ಟೋ ಕಡಿಮೆ ಬಲ ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ ಎಂದು ಅವರು ತೋರಿಸಿದ್ದು ಅಂಗಳದ ಬೈಕಿಗೂ ಅನ್ವಯಿಸುತ್ತದೆ.

ಜಾಮ್ ಆಗಿಯೇ ಮುರಿದಿದೆ ಎಂದು ಗೊತ್ತಾದ ಮೇಲಿನ ಕ್ರಮಕ್ಕೆ ಒಂದೇ ನಿಯಮ: ಹಿಂದಕ್ಕೆ ಹೋಗಬಹುದಾದ ಕೆಲಸ ಮೊದಲು, ಹೋಗಲಾಗದ್ದು ಕೊನೆಗೆ. ಎಣ್ಣೆ ಹಾಕಿ ಕಾದರೆ ಏನೂ ಕೆಡುವುದಿಲ್ಲ. ಒಮ್ಮೆ ಕೊರೆದ ತೂತನ್ನು ಮುಚ್ಚಲಾಗುವುದಿಲ್ಲ. ತುಂಡು ಸ್ವಲ್ಪವಾದರೂ ಹೊರಗೆ ಚಾಚಿದ್ದರೆ ಅದೃಷ್ಟ. ಸುತ್ತಲಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಕೆರೆದು, ಸಂದಿಗೆ ಇಳಿಯುವ ತೆಳುವಾದ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಹಗುರವಾಗಿ ಹತ್ತಿಪ್ಪತ್ತು ಸಲ ತಟ್ಟಬೇಕು. ತಟ್ಟುವುದು ಅಂಟಿದ ತುಕ್ಕಿನಲ್ಲಿ ಬಿರುಕು ಹುಟ್ಟಿಸಲು, ಎಣ್ಣೆ ಇಳಿಯುವುದು ಆ ಬಿರುಕಿನಲ್ಲೇ. ಸಂಜೆ ಒಮ್ಮೆ, ಮಲಗುವ ಮೊದಲೊಮ್ಮೆ, ಬೆಳಿಗ್ಗೆ ಒಮ್ಮೆ. ಆಮೇಲೆ ವೈಸ್ ಗ್ರಿಪ್ಪಿನಲ್ಲಿ ಕಚ್ಚಿ ಹಿಡಿದು ಮೊದಲು ಬಿಗಿಯುವ ದಿಕ್ಕಿಗೆ ಒಂದು ಚೂರು, ನಂತರ ಬಿಚ್ಚುವ ದಿಕ್ಕಿಗೆ ಒಂದು ಚೂರು. ಮುಂದೆ, ಹಿಂದೆ, ಮುಂದೆ, ಹಿಂದೆ. ಒಂದೇ ದಿಕ್ಕಿಗೆ ಜಗ್ಗಿದರೆ ಪುಡಿಯಾದ ತುಕ್ಕು ಅಲ್ಲೇ ಅಡ್ಡ ಸಿಕ್ಕಿಕೊಳ್ಳುತ್ತದೆ.

ಇದಕ್ಕೂ ಬಗ್ಗದಿದ್ದರೆ ಬಿಸಿ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸ್ಟಡ್ಡಿನ ಸುತ್ತಲ ಹೆಡ್ಡನ್ನು ನೂರು ಡಿಗ್ರಿ ಹೆಚ್ಚು ಕಾಯಿಸಿದರೆ ಆರು ಮಿಲಿಮೀಟರಿನ ತೂತು ಸ್ಟಡ್ಡಿಗಿಂತ ಒಂದು ಮಿಲಿಮೀಟರಿನ ಸಾವಿರದ ಆರೇಳು ಪಾಲಿನಷ್ಟು ಹೆಚ್ಚು ಅಗಲವಾಗುತ್ತದೆ. ತಲೆಗೂದಲಿನ ದಪ್ಪದ ಹತ್ತನೇ ಒಂದಂಶ. ಇಷ್ಟರಿಂದ ಏನಾದೀತು ಎನಿಸಬಹುದು. ತುಕ್ಕಿಗೆ ಜಗ್ಗುವ ಗುಣವಿಲ್ಲ, ಅದು ಒಡೆಯುವ ವಸ್ತು. ಆ ಚೂರು ಸರಿದಾಟಕ್ಕೇ ಅದರ ಹಿಡಿತ ಸಿಡಿಯುತ್ತದೆ. ಥ್ರೆಡ್ಡಿಗೆ ಲಾಕ್ ಅಂಟು ಹಾಕಿದ್ದರೂ ಅದು 250 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ. ಎಚ್ಚರವನ್ನೂ ಇಲ್ಲೇ ಹೇಳಿಬಿಡಬೇಕು. ಪೆಟ್ರೋಲ್ ಟ್ಯಾಂಕು, ಪೈಪು ಹತ್ತಿರವಿರುವಲ್ಲಿ ಜ್ವಾಲೆ ಬೇಡವೇ ಬೇಡ. ಎಣ್ಣೆ ಸುರಿದ ಜಾಗವನ್ನು ಒರೆಸಿಯೇ ಕಾಯಿಸಬೇಕು. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗವನ್ನಂತೂ ಕಾಯಿಸಲೇಬಾರದು, ಕ್ಲೋರಿನ್ ಇರುವ ಸ್ಪ್ರೇಗಳು ಬಿಸಿಗೆ ವಿಷಾನಿಲ ಬಿಡುತ್ತವೆ. ಇನ್ನೊಂದು ಮಾತು: ಉಕ್ಕು ಕಾದಾಗ ಕೆಂಪಾಗಿ ಹೇಳುತ್ತದೆ, ಅಲ್ಯೂಮಿನಿಯಂ ಹೇಳುವುದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮೊದಲೇ, ಬಣ್ಣ ಬದಲಿಸದೆ ಕುಸಿದುಬಿಡುತ್ತದೆ.

ಅಂಗಡಿಯ ಪಟಿಕ
ಕ್ಷೌರದಂಗಡಿಯಲ್ಲಿ ಗಾಯಕ್ಕೆ ಹಚ್ಚುವ ಪಟಿಕದ ಕಲ್ಲಿಗೆ ಇನ್ನೊಂದು ಗುಣವಿದೆ. ಬಿಸಿನೀರಿನಲ್ಲಿ ಗಟ್ಟಿಯಾಗಿ ಕದಡಿದ ಪಟಿಕ ಉಕ್ಕನ್ನು ನಿಧಾನವಾಗಿ ಕರಗಿಸುತ್ತದೆ, ಹಿತ್ತಾಳೆಯನ್ನು ಮುಟ್ಟುವುದಿಲ್ಲ. ಗಡಿಯಾರ ರಿಪೇರಿಯವರು ಹಿತ್ತಾಳೆಯ ತಟ್ಟೆಯಲ್ಲಿ ಮುರಿದ ಪುಟ್ಟ ಉಕ್ಕಿನ ಸ್ಕ್ರೂಗಳನ್ನು ಹೀಗೇ ತೆಗೆಯುತ್ತಾರೆ. ಸಂಪೂರ್ಣ ಬಿಚ್ಚಿ ಪಾತ್ರೆಯಲ್ಲಿ ಮುಳುಗಿಸಬಹುದಾದ ಸಣ್ಣ ಭಾಗಕ್ಕೆ ಮಾತ್ರ ಇದು ಒಗ್ಗುತ್ತದೆ. ಮುಳುಗುವ ಉಕ್ಕಿನ ಬಿಡಿಭಾಗ ಬೇರೇನಿದ್ದರೂ ಅದೂ ಕರಗುತ್ತದೆ.

‘ಇಷ್ಟೆಲ್ಲ ಯಾಕೆ, ಗ್ಯಾರೇಜಿನವರು ಹತ್ತು ನಿಮಿಷದಲ್ಲಿ ತೆಗೆಯುತ್ತಾರಲ್ಲ’ ಎಂಬುದು ಮುಖ್ಯ ಆಕ್ಷೇಪ. ಅವರು ತೆಗೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ, ಬಲಕ್ಕಿಂತ ಅಂಟು ಬಿಡಿಸುವುದೇ ಮುಖ್ಯ ಎಂಬ ವಾದಕ್ಕೇ ಬೆಂಬಲ ಸಿಗುತ್ತದೆ. ಪಳಗಿದ ವೆಲ್ಡರು ಮುರಿದ ತುಂಡಿನ ಮೇಲೆ ವಾಷರ್ ಇಟ್ಟು, ಅದರ ಮೇಲೊಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ಬೆಸುಗೆ ತುಂಬುತ್ತಾನೆ. ಹೊಸದೊಂದು ತಲೆ ಸಿಕ್ಕಿತು, ಅದಕ್ಕೇ ತಿರುಗುತ್ತದೆ ಎಂದು ನೋಡುವವರಿಗೆ ಅನಿಸುತ್ತದೆ. ಅದು ಅರ್ಧ ಮಾತ್ರ. ಕೆಂಪಗೆ ಕಾದ ತುಂಡು ಹಿಗ್ಗಲು ನೋಡುತ್ತದೆ, ಸುತ್ತಲಿನ ಲೋಹ ಬಿಡುವುದಿಲ್ಲ, ಅದು ಒಳಗೊಳಗೇ ಅಮುಕಿಕೊಳ್ಳುತ್ತದೆ. ತಣಿಯುವಾಗ ಮೊದಲಿಗಿಂತ ಸಣಕಲಾಗಿ ತುಕ್ಕಿನಿಂದ ಕಳಚಿಕೊಳ್ಳುತ್ತದೆ. ಪೈಪು ತೊಡಿಸಿದರೂ ಬಾರದಿದ್ದದ್ದು ಆಗ ಸಣ್ಣ ಸ್ಪ್ಯಾನರಿಗೇ ಬಂದುಬಿಡುತ್ತದೆ. ಅವಸರದ ವೆಲ್ಡರು ಕೆಂಪಿರುವಾಗಲೇ ಜಗ್ಗಿ ಬೆಸುಗೆಯನ್ನೇ ಮುರಿದುಕೊಳ್ಳುತ್ತಾನೆ, ಪಳಗಿದವನು ಒಂದೆರಡು ನಿಮಿಷ ಕೈಕಟ್ಟಿ ನಿಲ್ಲುತ್ತಾನೆ. ಮನೆಯವರು ನೆನಪಿಸಬೇಕಾದ್ದು ಒಂದಿದೆ: ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ವೈರು ಬಿಚ್ಚಿರಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಜಾರಿಯಾದ ಮೇಲೆ ಸಾಮಾನ್ಯ ಬೈಕು, ಸ್ಕೂಟರುಗಳಲ್ಲೂ ಇಂಧನ ಇಂಜೆಕ್ಷನ್ನಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಸಾಮಾನ್ಯವಾಗಿದೆ, ಬೆಸುಗೆಯ ಕರೆಂಟು ಅದಕ್ಕೆ ತಾಗಬಾರದು.

ಗ್ಯಾರೇಜಿಗೆ ಕೊಡುವುದೇ ಸರಿ ಎನ್ನುವವರ ಮಾತಿನಲ್ಲಿ ಒಂದು ಸತ್ಯ ಇದ್ದೇ ಇದೆ. ಬ್ರೇಕ್ ಕ್ಯಾಲಿಪರ್, ಸ್ಟೀರಿಂಗ್, ಚಕ್ರದ ಬೋಲ್ಟುಗಳು ಮುರಿದರೆ ಅಂಗಳದ ಪ್ರಯೋಗ ಸಲ್ಲದು, ಅಲ್ಲಿ ಪಣಕ್ಕಿರುವುದು ಜೀವ. ಆದರೆ ಗ್ಯಾರೇಜಿಗೆ ಏನನ್ನು ಒಯ್ಯುತ್ತೇವೆ ಎಂಬುದೂ ನಮ್ಮ ಕೈಯಲ್ಲೇ ಇದೆ. ಮುರಿದ ತುಂಡು ಮುಟ್ಟದೆ ಹಾಗೇ ಇದ್ದರೆ ವೆಲ್ಡರಿಗೆ ನೆಲೆ ಸಿಗುತ್ತದೆ. ಓರೆಯಾಗಿ ಕೊರೆದ ತೂತು, ಅದರಲ್ಲಿ ಮುರಿದ ಎಕ್ಸ್‌ಟ್ರಾಕ್ಟರ್ ಇದ್ದರೆ ಅವನೂ ಕೈಚೆಲ್ಲುತ್ತಾನೆ.

ಕೊರೆಯಲೇಬೇಕಾಗಿ ಬಂದಾಗ ಏನಾಗುತ್ತದೆ ನೋಡಿ. ಸ್ಟಡ್ಡು ಗಟ್ಟಿ, ಸುತ್ತಲಿನ ಅಲ್ಯೂಮಿನಿಯಂ ಮೃದು. ಮುರಿದ ಮುಖ ಎತ್ತರ ತಗ್ಗಾಗಿರುತ್ತದೆ. ಡ್ರಿಲ್ ಬಿಟ್ಟಿಗೆ ಸುಲಭದ ದಾರಿ ಯಾವುದೋ ಅತ್ತಲೇ ಅದು ಜಾರುತ್ತದೆ. ಎಂ6 ಥ್ರೆಡ್ಡಿನ ತಳದ ಅಳತೆ 5 ಮಿಲಿಮೀಟರ್. ನಟ್ಟ ನಡುವೆ ಕೊರೆದು ಹಂತಹಂತವಾಗಿ ಅಲ್ಲಿಗೆ ಮುಟ್ಟಿದರೆ ಉಳಿದ ಥ್ರೆಡ್ಡು ಸುರುಳಿ ತಂತಿಯಂತೆ ಬಿಚ್ಚಿ ಬರುತ್ತದೆ, ಹೆಡ್ಡಿನ ಥ್ರೆಡ್ಡು ಉಳಿಯುತ್ತದೆ. ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಒಂದು ಬದಿಯ ಥ್ರೆಡ್ಡು ಸವೆದು ಹೋಯಿತು. ಅದಕ್ಕೇ ಮುಖವನ್ನು ಅರದಿಂದ ಸಮ ಮಾಡಿ, ಸೆಂಟರ್ ಪಂಚಿನಲ್ಲಿ ಗುರುತು ಹೊಡೆದು, ಸಾಧ್ಯವಾದರೆ ಒಂದು ಬುಷ್ಷನ್ನು ದಾರಿಯಾಗಿ ಇಟ್ಟುಕೊಂಡು, ನಿಧಾನ ವೇಗದಲ್ಲಿ, ಎಣ್ಣೆ ಬಿಡುತ್ತಾ ಕೊರೆಯಬೇಕು. ಎಡಕ್ಕೆ ತಿರುಗುವ ಬಿಟ್ಟು ಸಿಕ್ಕರೆ ಅದೇ ಉತ್ತಮ. ಕೊರೆಯುವ ಬಿಸಿಗೆ ಅಂಟು ಬಿಟ್ಟರೆ ಅದೇ ಬಿಟ್ಟು ತುಂಡನ್ನು ಕಚ್ಚಿ ಹೊರಗೆ ತಿರುಗಿಸುತ್ತದೆ. ಥ್ರೆಡ್ಡು ಹಾಳಾಗಿಯೇ ಹೋದರೆ ಹೆಡ್ಡು ಎಸೆಯಬೇಕಿಲ್ಲ. ತೂತು ದೊಡ್ಡದು ಮಾಡಿ, ಟ್ಯಾಪ್ ಹೊಡೆದು, ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಬಹುದು. ಅಲ್ಯೂಮಿನಿಯಮ್ಮಿನಲ್ಲಿ ಅದು ಮೂಲ ಥ್ರೆಡ್ಡಿಗಿಂತಲೂ ಗಟ್ಟಿ.

ಎಕ್ಸ್‌ಟ್ರಾಕ್ಟರೇ ಮುರಿದು ಕೂತಿದ್ದರೆ ಕೊನೆಯ ದಾರಿ ಸ್ಪಾರ್ಕ್ ಇರೋಷನ್. 1943ರಲ್ಲಿ ಸೋವಿಯತ್ ಒಕ್ಕೂಟದ ಬೋರಿಸ್ ಮತ್ತು ನತಾಲ್ಯಾ ಲಜರೆಂಕೊ ದಂಪತಿ ಸ್ವಿಚ್ಚುಗಳ ತುದಿ ಕಿಡಿಗೆ ಸವೆಯುವುದನ್ನು ತಡೆಯುವ ಬಗೆ ಹುಡುಕುತ್ತಿದ್ದರು. ಆ ಸವೆತವನ್ನೇ ಹತೋಟಿಗೆ ತಂದರೆ ಎಂಥ ಗಟ್ಟಿ ಲೋಹವನ್ನೂ ಕೊರೆಯಬಹುದೆಂದು ಅವರಿಗೆ ಹೊಳೆಯಿತು. ದ್ರವದೊಳಗೆ ಹಿತ್ತಾಳೆಯ ಅಥವಾ ತಾಮ್ರದ ಕಡ್ಡಿಯನ್ನು ಮುರಿದ ತುಂಡಿನ ಹತ್ತಿರ ತಂದು ಕಿಡಿ ಹಾರಿಸುತ್ತಾರೆ. ಪ್ರತಿ ಕಿಡಿಗೂ ಒಂದು ಕಣ ಉದುರುತ್ತದೆ. ಕಡ್ಡಿ ತುಂಡನ್ನು ಮುಟ್ಟುವುದೂ ಇಲ್ಲ. ಡ್ರಿಲ್ಲಿಗೂ ಸುತ್ತಿಗೆಗೂ ಜಗ್ಗದ ಉಕ್ಕನ್ನು ತೆಗೆಯುವ ಈ ವಿಧಾನದಲ್ಲಿ ತೋಳ್ಬಲದ ಪಾಲು ಸೊನ್ನೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಈ ಕೆಲಸ ಮಾಡಿಕೊಡುವವರಿದ್ದಾರೆ. ಆದರೆ ಹೆಡ್ಡು ಬಿಚ್ಚಿ ಒಯ್ಯಬೇಕು.

ನಲವತ್ತನೆಯ ಯತ್ನ
ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ಅದರ ಹೆಸರಿಗೆ ನೀರನ್ನು ಹೊರಗಟ್ಟುವ ದ್ರವದ ನಲವತ್ತನೆಯ ಯತ್ನ ಎಂದರ್ಥ. ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಂತೆ ಬಳಸಿದ್ದು ಅದರ ಮೊದಲ ಕೆಲಸಗಳಲ್ಲೊಂದು. ಜಾಮ್ ಆದ ಥ್ರೆಡ್ಡಿಗೆ ಅದಕ್ಕೆಂದೇ ಮಾಡಿದ, ಸಂದಿಗೆ ಇಳಿಯುವ ಎಣ್ಣೆ ಅಂಗಡಿಯಲ್ಲಿ ಬೇರೆಯೇ ಸಿಗುತ್ತದೆ.

ಮುರಿದ ತುಂಡು ಹೊರಬಂದ ಮೇಲೆ ‘ಎರಡರಲ್ಲಿ ಒಂದು ಸ್ಟಡ್ಡು ಇದೆಯಲ್ಲ, ನಡೆಯುತ್ತದೆ ಬಿಡಿ’ ಎನ್ನುವವರಿಗೂ, ‘ತೂತಿಗೆ ಹೊಂದುವ ಯಾವುದೋ ಒಂದು ಹಾಕಿ’ ಎನ್ನುವವರಿಗೂ 1990ರ ಜೂನ್ 10ರ ಘಟನೆಯೇ ಉತ್ತರ. ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಮುಂಗಾಜು 17,000 ಅಡಿಗೂ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ನಿನ ಅರ್ಧ ಮೈ ಹೊರಗೆ ಸೆಳೆದುಹೋಗಿ, ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು. ಸಹಪೈಲಟ್ ಸೌತಾಂಪ್ಟನ್ನಿನಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ಹಾರಾಟದ ಹಿಂದಿನ ದಿನದ ನಸುಕಿನಲ್ಲಿ, ರಾತ್ರಿ ಪಾಳಿಯವರು ಆ ಗಾಜಿಗೆ ಹಾಕಿದ್ದ 90 ಬೋಲ್ಟುಗಳಲ್ಲಿ 84 ಬೇಕಾದ ದಪ್ಪಕ್ಕಿಂತ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ಅಂತರದಷ್ಟು ಸಣ್ಣವು, ಉಳಿದ ಆರು ಉದ್ದದಲ್ಲಿ ಗಿಡ್ಡ. ಕಣ್ಣಳತೆಗೆ ಎಲ್ಲವೂ ಸರಿಯಾಗಿಯೇ ಕಂಡಿದ್ದವು. ಹೊಸ ಸ್ಟಡ್ಡು ತರುವಾಗ ಹಳೆಯ ತುಂಡನ್ನು ಜೇಬಿನಲ್ಲಿ ಒಯ್ದು, ದಪ್ಪ, ಉದ್ದ, ಥ್ರೆಡ್ಡಿನ ಅಂತರ ಮೂರನ್ನೂ ಹೊಂದಿಸಿ ತರಬೇಕು. ಹಾಕುವ ಮುನ್ನ ಥ್ರೆಡ್ಡಿಗೆ ತಾಮ್ರದ ಪುಡಿಯ ಗ್ರೀಸು ತೆಳ್ಳಗೆ ಸವರಬೇಕು. ಗ್ರೀಸಿದ್ದಾಗ ಉಜ್ಜಾಟ ಕಡಿಮೆಯಾಗಿ ಅದೇ ಕೈಬಲಕ್ಕೆ ಹಿಡಿತ ಹೆಚ್ಚುತ್ತದೆ, ಹಾಗಾಗಿ ಮೊದಲಿಗಿಂತ ಸ್ವಲ್ಪ ಕಡಿಮೆಯೇ ಬಿಗಿ ಮಾಡಬೇಕು.

ಹಬ್ಬಕ್ಕೆ ಗಾಡಿ ಬಿಚ್ಚುವ ಯೋಚನೆಯಿದ್ದರೆ ಸ್ಪ್ಯಾನರ್ ಇವತ್ತು ಬೇಡ. ಇಂದು ಸಂಜೆ ಇಂಜಿನ್ ಪೂರ್ತಿ ತಣಿದ ಮೇಲೆ ಸೈಲೆನ್ಸರಿನ ಎರಡೂ ನಟ್ಟುಗಳ ಬುಡ ಕೆರೆದು, ನಾಲ್ಕು ಹನಿ ಎಣ್ಣೆ ಬಿಟ್ಟು ಮಲಗಿ. ಬಿಚ್ಚುವುದು ನಾಳೆ.